ಕೂಲರಿನ ವೈರು ಕತ್ತರಿಸಿದ ಡಾಕ್ಟರು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಒಂದು ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣ ಬಳಿದ ಒಂದು ಫಲಕ, ಎಲ್ಲವೂ ಇದ್ದವು. ನಿವೃತ್ತರಾಗುತ್ತಿದ್ದವರು ನಮ್ಮ ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದ ಪಶುವೈದ್ಯೆ. ಶಹಾಪುರದ ಹೊರಗೆ ಸುರಪುರ ರಸ್ತೆಯಲ್ಲಿರುವ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಔಷಧಗಳ ಪ್ರಯೋಗಕ್ಕೆಂದು ಬಿಳಿ ಇಲಿಗಳನ್ನೂ ಮೊಲಗಳನ್ನೂ ಸಾಕುತ್ತಾರೆ. ಅವಕ್ಕೆ ಅರಿವಳಿಕೆ ಕೊಡುವುದು, ಶಸ್ತ್ರಕ್ರಿಯೆ ಮಾಡುವುದು, ಅದನ್ನು ನಮ್ಮಂಥವರಿಗೆ ಕಲಿಸುವುದು ಅವರ ಕೆಲಸವಾಗಿತ್ತು. ಅವತ್ತು ಭಾಷಣಕ್ಕೆ ಎದ್ದವರೊಬ್ಬರು ಅವರನ್ನು ‘ಮೂಕ ಪ್ರಾಣಿಗಳ ತಾಯಿ’ ಎಂದರು. ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡು ಎಳೆದರು.

ಕೊನೆಗೆ ಮೈಕು ಅವರ ಕೈಗೆ ಬಂತು. "ನಾ ಯಾರ ತಾಯಿನೂ ಅಲ್ರಿ. ಇಷ್ಟು ವರ್ಷ ನಾ ಅವನ್ನ ಕೊಯ್ದೇನಿ. ಬರೋಬ್ಬರಿ, ತಪ್ಪಿಲ್ದಂಗ ಕೊಯ್ದೇನಿ, ಅಷ್ಟ," ಎಂದು ಹೇಳಿ ಕೂತುಬಿಟ್ಟರು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ತಟ್ಟಿದೆ. ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬಳೇ ತಟ್ಟಿದೆ. ನನಗೇನೂ ನಾಚಿಕೆಯಾಗಲಿಲ್ಲ.

ಅದೇ ವೇದಿಕೆಯ ಮೇಲೆ ಅವರ ಗೌರವಕ್ಕೆಂದು ಇನ್ನೊಂದು ಘೋಷಣೆಯೂ ಆಯಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ನಿಮಗೆ ತಿಳಿಯಬೇಕಾದರೆ ಆ ಹೆಣ್ಣುಮಗಳು ಎಂಥವರು ಎಂಬುದು ಮೊದಲು ತಿಳಿಯಬೇಕು. ಕಾಲೇಜಿನ ವಾರ್ಷಿಕ ಸಂಚಿಕೆಯವರು ಅವರನ್ನು ದೇವಿ ಮಾಡಿ ಕೂರಿಸುವ ಮೊದಲು ನಾನು ಇದನ್ನು ಬರೆದು ಮುಗಿಸುತ್ತೇನೆ.

ಅವರು ಸುರಪುರ ಕಡೆಯ ಹಳ್ಳಿಯವರು. ಗಿಡ್ಡ ಆಳು, ಅಗಲವಾದ ಅಂಗೈ. ನೂಲಿನ ಸೀರೆಯನ್ನು ಎತ್ತಿ ಸಿಕ್ಕಿಸಿ, ಗಂಡಸರ ಚಪ್ಪಲಿ ಮೆಟ್ಟಿ, ಸೊಂಟಕ್ಕೆ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಆ ಗೊಂಚಲಿನ ಸದ್ದು ಕೇಳಿದರೆ ವರಾಂಡದಲ್ಲಿ ಹರಟೆ ಹೊಡೆಯುವವರು ಜಾಗ ಖಾಲಿ ಮಾಡುತ್ತಿದ್ದರು. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವಂತೆ ಅವರನ್ನೂ ಎಲ್ಲರೂ ‘ಅಕ್ಕೋರು’ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಇಲಿಗಳ ಬಳಿ ಬರುವ ಮೊದಲು ಅವರು ಸರ್ಕಾರಿ ದನದ ದವಾಖಾನೆಯಲ್ಲಿದ್ದರು. ಎತ್ತಿನ ಹೊಟ್ಟೆ ಹೊಲಿದಿದ್ದರು, ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಳೆದು ತೆಗೆದಿದ್ದರು. ಶಹಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಾಗಲೂ ಮಂದಿ ಅವರನ್ನು ಬಿಡುತ್ತಿರಲಿಲ್ಲ. "ಅಕ್ಕೋರ, ಎಮ್ಮಿ ನಿನ್ನಿಂದ ಮೇವು ಮುಟ್ಟವಲ್ದು ನೋಡ್ರಿ," ಎಂದು ಯಾರಾದರೂ ಅಡ್ಡಗಟ್ಟಿದರೆ, ಬದನೆಕಾಯಿ ಕೈಯಲ್ಲಿ ಹಿಡಿದುಕೊಂಡೇ ಎಮ್ಮೆಯ ಸಗಣಿಯ ಬಣ್ಣ ಎಂಥದು, ಮೆಲುಕು ಹಾಕುತ್ತದೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರೆ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಷ್ಟು ಹೆಸರಿದ್ದ ಕೆಲಸ ಬಿಟ್ಟು ಇಲಿ ಕಾಯಲು ಯಾಕೆ ಬಂದಿರಿ ಎಂದು ಒಮ್ಮೆ ಕೇಳಿದೆ. ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟರು.

"ದನದ ದವಾಖಾನ್ಯಾಗ ಔಷಧ ಇರ್ತಿದ್ದಿಲ್ಲ. ಎತ್ತಿಗೆ ಹಗ್ಗ ಬಿಗದು, ಮಂದಿ ಮ್ಯಾಲೆ ಕುಂತು, ಹಂಗ ಹೊಲೀತಿದ್ವಿ. ಅದು ಒದರ್ತಿತ್ತು, ನಾ ಹೊಲೀತಿದ್ದೆ. ಬ್ಯಾರೆ ದಾರಿ ಇದ್ದಿಲ್ಲ. ಇಲ್ಲಿ ಔಷಧ ಅದ. ಇದ್ದೂ ಕೊಡಾಂಗಿಲ್ಲ ಅಂತ ಯಾರರ ಅಂದ್ರ, ಅವರು ನನ್ನ ಎದುರಿಗೆ ನಿಂತು ಅನ್ನಬೇಕು."

ಈ ಮಾತನ್ನು ನೆನಪಿಡಿ. ಒಬ್ಬರು ಎದುರಿಗೆ ನಿಂತು ಅಂದರು. ಅದನ್ನೇ ಹೇಳಲು ಹೊರಟಿದ್ದೇನೆ.

ಅವರ ಕೈ ಹೇಗೆ ಕೆಲಸ ಮಾಡುತ್ತಿತ್ತು ಎಂದು ಹೇಳದಿದ್ದರೆ ಆಗದು. ಇಲಿಗೆ ಅರಿವಳಿಕೆಯ ಸೂಜಿ ಕೊಟ್ಟ ಮೇಲೆ ಅದು ಹೊರಳಿ ಬೀಳುತ್ತದೆ. ನಾವು ಹುಡುಗರು ಆಗಲೇ ಕತ್ತರಿಗೆ ಕೈ ಹಾಕುತ್ತಿದ್ದೆವು. ಅಕ್ಕೋರು ಅದರ ಹಿಂಗಾಲಿನ ಬೆರಳನ್ನು ಉಗುರಿನಿಂದ ಚಿವುಟುತ್ತಿದ್ದರು. ಕಾಲು ಎಳೆದುಕೊಂಡರೆ ಮುಗಿಯಿತು, ಕೈಕಟ್ಟಿ ನಿಲ್ಲಬೇಕು. ಮತ್ತೆ ಚಿವುಟಿ ನೋಡಬೇಕು. "ಸುಮ್ಮನ ಬಿದ್ದದ ಅಂದ್ರ ನೋವಿಲ್ಲ ಅಂತಲ್ಲ," ಎನ್ನುವುದು ಅವರ ಮಾತು. ಅವಸರ ಮಾಡಿದವರ ಮುಂಗೈಯನ್ನೂ ಹಾಗೆಯೇ ಚಿವುಟುತ್ತಿದ್ದರು. ಹುಡುಗ ಹೌಹಾರಿ ಕೈ ಹಿಂತೆಗೆದರೆ, "ಯಾಕ ಎಳಕೊಂಡಿ? ಅದೂ ಹಂಗ ಎಳಕೊಂತದ," ಎನ್ನುತ್ತಿದ್ದರು. ನನ್ನ ಮುಂಗೈಯೂ ಆ ಪಾಠ ಕಲಿತಿದೆ.

ನಾವು ಬಳಸುತ್ತಿದ್ದ ಅರಿವಳಿಕೆಯಲ್ಲಿ ಇಲಿಗಳು ಕಣ್ಣು ತೆರೆದುಕೊಂಡೇ ಮಲಗುತ್ತವೆ. ರೆಪ್ಪೆ ಬಡಿಯುವುದಿಲ್ಲ. ನಮ್ಮ ಸೀಮೆಯ ಒಣಗಾಳಿಗೆ ಆ ಕೆಂಪು ಕಣ್ಣುಗಳು ಬೇಗ ಒಣಗಿಬಿಡುತ್ತವೆ. ಹೊಸಬರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಕೊಯ್ಯುವುದನ್ನಲ್ಲ, ಆ ಕಣ್ಣಿಗೆ ಮುಲಾಮು ಹಚ್ಚುವುದನ್ನು. ಎಷ್ಟೋ ಹುಡುಗರಿಗೆ ಇದು ಅವಮಾನ ಅನ್ನಿಸುತ್ತಿತ್ತು. ಆಪರೇಶನ್ ಕಲಿಯಲು ಬಂದರೆ ಕಾಡಿಗೆ ಹಚ್ಚಲು ಹೇಳುತ್ತಾರೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ.

ನಾನು ಗೋಗಿಯವಳು. ಅಪ್ಪನದು ಕಿರಾಣಿ ಅಂಗಡಿ. ಅವ್ವ ಬೆಳಗ್ಗೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವಳಲ್ಲ. ಮಗಳು ಎಂ.ಫಾರ್ಮಸಿ ಸೇರಿ ಇಲಿ ಕೊಯ್ಯುತ್ತಾಳೆ ಎಂಬುದು ಊರಲ್ಲಿ ಗೊತ್ತಾದ ಮೇಲೆ ಅವಳಿಗೆ ಬಾವಿಕಟ್ಟೆಗೆ ಹೋಗುವುದೂ ಕಷ್ಟವಾಯಿತು. ಒಂದು ದಿನ ಸಂತೆಯ ನೆಪ ಮಾಡಿ, ಟಂಟಂ ಆಟೋ ಹತ್ತಿ, ನೆಟ್ಟಗೆ ನಮ್ಮ ಕಾಲೇಜಿಗೆ ಬಂದಳು. ಅಕ್ಕೋರು ಅನಿಮಲ್ ಹೌಸಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದರು. ಅವ್ವ ನಿಂತುಕೊಂಡೇ ಕೇಳಿದಳು.

"ಅಕ್ಕೋರ, ನಾವು ಲಿಂಗ ಕಟ್ಟಿದ ಮಂದಿ. ಇಲಿ ಅಂದ್ರ ಗಣಪ್ಪನ ವಾಹನ. ಕೊಯ್ದ್ರ ಪಾಪ ಹತ್ತಂಗಿಲ್ಲೇನ್ರಿ?"

"ಹತ್ತತದ್ರಿ ಯವ್ವಾ," ಎಂದರು ಅಕ್ಕೋರು.

ಅವ್ವ ಇಂಥ ಉತ್ತರಕ್ಕೆ ತಯಾರಾಗಿ ಬಂದಿರಲಿಲ್ಲ. ವಿಜ್ಞಾನ, ಜನರ ಒಳಿತು ಎಂದೇನಾದರೂ ಹೇಳಿದ್ದರೆ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದಳು.

"ಹತ್ತತದ ಅಂತ ಗೊತ್ತಿದ್ದ ಮಾಡೂದ್ರಿ ಇದು. ಅದಕ್ಕ ಬೇಕಾದಕ್ಕಿಂತ ಒಂದ್ ಹನಿ ನೋವು ಹೆಚ್ಚಿಗಿ ಆಗಬಾರ್ದು. ನೀವು ಮೊಣಕಾಲಿಗೆ ಗುಳಗಿ ನುಂಗ್ತೀರಿಲ್ಲ? ಅದನ್ನ ಮೊದಲ ಯಾವುದೋ ಇಲಿ ನುಂಗೇದ. ಬರ್ರಿ, ಕೂಡ್ರಿ, ರೊಟ್ಟಿ ತಿನ್ರಿ."

ಅವ್ವ ರೊಟ್ಟಿ ತಿನ್ನಲಿಲ್ಲ, ಆದರೆ ಕೂತಳು. ಮನೆಗೆ ಬಂದು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಚೀಲ ಬಿಳಿಜೋಳ, ಅವಳ ಹಳೆ ಸೀರೆಯ ತುಂಡುಗಳನ್ನು ಕಟ್ಟಿ ನನ್ನ ಕೈಗೆ ಕೊಟ್ಟಳು. "ಅಕ್ಕೋರಿಗೆ ಕೊಡು. ಗಂಟು ಕಟ್ಟಾಕ ಬೇಕು ಅಂತಿದ್ರು," ಎಂದಳು. ಇಬ್ಬರೂ ಅಷ್ಟರಲ್ಲಿ ಏನೇನು ಮಾತಾಡಿಕೊಂಡಿದ್ದರೋ ನನಗೆ ತಿಳಿಯದು.

ಆ ಗಂಟಿನ ವಿಷಯ ಹೇಳುತ್ತೇನೆ. ಬೆನ್ನು ಹಿಡಿದರೆ, ಬಾಣಂತಿಗೆ ಸೊಂಟ ನೋವಾದರೆ ನಮ್ಮ ಮನೆಗಳಲ್ಲಿ ಜೋಳವನ್ನು ಹೆಂಚಿನ ಮೇಲೆ ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತಾರೆ. ಅಕ್ಕೋರು ಅಂಗೈಯಷ್ಟು ಚಿಕ್ಕ ಗಂಟುಗಳನ್ನು ಹೊಲಿದು, ಆಪರೇಶನ್ ಆದ ಇಲಿಗಳ ಪಕ್ಕದಲ್ಲಿ ಇಡುತ್ತಿದ್ದರು. ಮೈಗೆ ತಾಗದಂತೆ ಮೇಲೊಂದು ಬಟ್ಟೆ ಸುತ್ತುತ್ತಿದ್ದರು. ಆ ಕೋಣೆಯಲ್ಲಿ ಫ್ಯಾನೂ ಹಾಕಗೊಡುತ್ತಿರಲಿಲ್ಲ. ಇಲಿಗಳು ದಿನಾ ಇರುವ ಕೋಣೆಗೆ ತಂಪು ಬೇಕು ಎಂದು ಅವರೇ ಜಗಳವಾಡಿ ವ್ಯವಸ್ಥೆ ಮಾಡಿಸಿದ್ದರು. ಆಪರೇಶನ್ ಮಾಡಿ ಅಲ್ಲೇ ಮಲಗಿಸುವ ಕೋಣೆಗೆ ಮಾತ್ರ ಬೇಡ ಎನ್ನುತ್ತಿದ್ದರು.

"ಮಲಗ್ಸೂ ಔಷಧ ನೋವಷ್ಟ ಮರಸಂಗಿಲ್ಲ. ಮೈ ಕಾಸಿಕೊಳ್ಳೂದನ್ನೂ ಮರಸ್ತದ. ಇಷ್ಟು ಸಣ್ಣ ಮೈ, ನೋಡ್ ನೋಡೂದ್ರಾಗ ಥಂಡಿ ಆಗಿಬಿಡ್ತದ," ಎಂದು ವಿವರಿಸುತ್ತಿದ್ದರು.

ಇದನ್ನು ಬೇರೆ ಊರಿನಲ್ಲಿ ಹೇಳಿದ್ದರೆ ನಂಬುತ್ತಿದ್ದರೇನೋ. ಯಾದಗಿರಿ ಜಿಲ್ಲೆಯಲ್ಲಿ, ಅದೂ ಮೇ ತಿಂಗಳಲ್ಲಿ, ಯಾರು ನಂಬುತ್ತಾರೆ? ಬೆಳಗಿನ ಹೊತ್ತೇ ನಲ್ಲಿ ತಿರುವಿದರೆ ಕಾದ ನೀರು ಬರುವ ಊರು ನಮ್ಮದು. ಮಧ್ಯಾಹ್ನ ಬೈಕಿನ ಸೀಟಿನ ಮೇಲೆ ಒದ್ದೆ ಬಟ್ಟೆ ಹಾಕದೆ ಕೂರಲಾಗುವುದಿಲ್ಲ. ನಮ್ಮಲ್ಲಿ ಯಾರಿಗಾದರೂ ಪ್ರೀತಿ ತೋರಿಸುವುದೆಂದರೆ ಅವರನ್ನು ಕೂಲರಿನ ಎದುರಿಗೆ ಕೂರಿಸುವುದು. ಬೀಗರು ಬಂದರೂ ಅಷ್ಟೇ, ಸ್ವಾಮಿಗಳು ಬಂದರೂ ಅಷ್ಟೇ. ಇಂಥ ಕಡೆ ಥಂಡಿಗೆ ಜೀವ ಹೋಗುತ್ತದೆ ಎಂದರೆ ಮಂದಿಗೆ ನಗು ಬರುತ್ತಿತ್ತು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನನ್ನ ಗೈಡ್ ಸರ್. ಅವರು ಕಲಬುರಗಿಯವರು. ಕೆಟ್ಟವರಲ್ಲ. ಪಾಠ ಚೆನ್ನಾಗಿ ಮಾಡುತ್ತಿದ್ದರು, ಕತೆ ಅದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ಅಪೆಂಡಿಕ್ಸ್ ಆಪರೇಶನ್ನಿನ ಕತೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಉರಿಬಿಸಿಲಿನ ಕಲಬುರಗಿಯಲ್ಲಿ, ಆಪರೇಶನ್ನಿನಿಂದ ಎಚ್ಚರಾದ ಕೂಡಲೇ ಹಲ್ಲು ಕಟಕಟ ಕಡಿಯತೊಡಗಿದವಂತೆ. ಮಂಚ ಸಮೇತ ನಡುಗುತ್ತಿದ್ದರಂತೆ. ಹೆಂಡತಿ ಬೀಗರ ಮನೆಗೆ ಓಡಿ ಇದ್ದಬದ್ದ ರಗ್ಗುಗಳನ್ನೆಲ್ಲ ತಂದು ಹೊದಿಸಿದರಂತೆ. ವಾರ್ಡಿನ ಮಂದಿಯೆಲ್ಲ ಬೆವರು ಒರೆಸಿಕೊಳ್ಳುತ್ತ ಇವರನ್ನು ನೋಡಲು ಬಂದರಂತೆ. ಕತೆ ಹೇಳುತ್ತ ಅವರೇ ನಡುಗಿ ತೋರಿಸುತ್ತಿದ್ದರು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನನ್ನ ಪ್ರಬಂಧದ ಕೆಲಸ ಮೊಣಕಾಲಿನದು. ಇಲಿಯ ಮೊಣಕಾಲಿನೊಳಗಿನ ಒಂದು ನಾರನ್ನು ಕತ್ತರಿಸಿದರೆ ಕೆಲವು ವಾರಗಳಲ್ಲಿ ಕೀಲು ಸವೆಯತೊಡಗುತ್ತದೆ, ನಮ್ಮ ಅವ್ವಂದಿರ ಮೊಣಕಾಲು ಸವೆಯುವ ಹಾಗೆಯೇ. ಆಮೇಲೆ ಅದಕ್ಕೆ ಲಕ್ಕಿ ಸೊಪ್ಪಿನ ಸಾರ ಕೊಟ್ಟು ಗುಣ ನೋಡಬೇಕು. ಅಕ್ಕೋರು ಮೊದಲೇ ಹೇಳಿದರು. ಕೊಯ್ದ ದಿನ ಮತ್ತು ಅದರ ಹಿಂದೆಯೇ ಬರುವ ದಿನಗಳಲ್ಲಿ ಗಾಯದ ನೋವಿಗೆ ಸೂಜಿ ಹಾಕಲೇಬೇಕು. ಗೈಡ್ ಸರ್ ಒಪ್ಪಲಿಲ್ಲ.

"ನಾವು ನೋಡ್ಲಾಕತ್ತಿದ್ದ ನೋವಿನ ಔಷಧರೀ ಮೇಡಂ. ನೀವೂ ಒಂದು ನೋವಿನ ಸೂಜಿ ಚುಚ್ಚಿದ್ರ ಯಾವುದ್ರಿಂದ ಗುಣ ಆತು ಅಂತ ಹೆಂಗ್ ಗೊತ್ತಾಗಬೇಕು?"

"ಕೀಲು ಸವಿಯಾಕ ವಾರಗಟ್ಲೆ ಬೇಕು. ನಿಮ್ಮ ಸೊಪ್ಪು ಶುರು ಆಗೂದ್ರಾಗ ನನ್ನ ಸೂಜಿ ಮೈಯಾಗ ಇರಂಗೇ ಇಲ್ಲ. ನಿಮ್ಮ ಲೆಕ್ಕ ಏನೂ ಕೆಡಂಗಿಲ್ರಿ ಸರ್. ನಿಮಗ ಅದು ಗೊತ್ತದ."

ಗೊತ್ತಿತ್ತು. ಆದರೆ ಆ ಸೂಜಿಮದ್ದು ತರಿಸಲು ಪರವಾನಗಿ, ಓಡಾಟ, ತಲೆನೋವು. ಯಾರಿಗೆ ಬೇಕು ಅದು? ಅಂತೂ ಅಕ್ಕೋರು ಹಟ ಹಿಡಿದು ತರಿಸಿದರು. ಸರ್ ಮುಖ ಊದಿಸಿಕೊಂಡೇ ಒಪ್ಪಿದರು.

ಶಸ್ತ್ರಕ್ರಿಯೆ ಶುರುವಾಗಬೇಕಾದ ಹೊತ್ತಿಗೆ ಅಕ್ಕೋರ ಅಣ್ಣ ತೀರಿಕೊಂಡರು. ಅವರು ಊರಿಗೆ ಹೋಗಬೇಕಾಯಿತು. ನಾ ಬರುವ ತನಕ ತಡೆಯಿರಿ ಎಂದು ಹೇಳಿಯೇ ಹೋದರು. ಸರ್ ತಡೆಯಲಿಲ್ಲ. ಅದೇ ವಾರ ಕಾಲೇಜಿನ ಅಧ್ಯಕ್ಷರಾದ ಹತ್ತಿ ಮಿಲ್ಲಿನ ಸಾಹುಕಾರರು ಅನಿಮಲ್ ಹೌಸಿಗೆಂದು ದೊಡ್ಡದೊಂದು ಕೂಲರ್ ಕಳಿಸಿಕೊಟ್ಟಿದ್ದರು. ಸರ್ ಅದನ್ನು ಆಪರೇಶನ್ ಕೋಣೆಯಲ್ಲೇ ಇಡಿಸಿದರು. ಬೆವರು ಗಾಯದಲ್ಲಿ ಬೀಳುತ್ತದೆ ಎಂಬುದು ಅವರ ಕಾರಣ. ನಾನು ಜೋಳದ ಗಂಟು ಬಿಸಿ ಮಾಡಿ ತಂದರೆ, "ಇದೇನು ಬಾಣಂತಿ ಕೋಣಿಯೇನವಾ? ತಗದಿಡು," ಎಂದು ಗದರಿ ಹೊರಗೆ ಇಡಿಸಿದರು. ಬೆರಳು ಚಿವುಟಿ ನೋಡಿ, ಕಣ್ಣಿಗೆ ಮುಲಾಮು ಹಚ್ಚಿ, ಕಟ್ಟುನಿಟ್ಟಾಗಿ ಕೆಲಸ ಮಾಡಿದೆವು. ನೋವಿನ ಸೂಜಿಯನ್ನೂ ಹಾಕಿದೆ. ಹೊಲಿಗೆ ನೀಟಾಗಿ ಬಿದ್ದಿತ್ತು.

ಅನಿಮಲ್ ಹೌಸಿನಲ್ಲಿ ಕೆಲಸಕ್ಕಿದ್ದವರು ಶಿರವಾಳದ ಒಬ್ಬ ಕಾಕಾ. ಇಲಿಗಳಿಗೆ ಮೇವು, ನೀರು, ಸ್ವಚ್ಛತೆ ಎಲ್ಲ ಅವರದೇ. ಮನಸ್ಸು ಬಹಳ ಮೆತ್ತಗೆ. ನಾವು ಊಟಕ್ಕೆ ಹೋದಾಗ, ಪಾಪ ಕೊಯ್ಸಿಕೊಂಡು ಮಲಗಿದಾವೆ, ತಂಪಾಗಲಿ ಎಂದು ಪಂಜರಗಳನ್ನೆಲ್ಲ ಎತ್ತಿ ಕೂಲರಿನ ಬಾಯಿಗೆ ಸಾಲಾಗಿ ಇಟ್ಟಿದ್ದರು. ನಾವು ತಿರುಗಿ ಬಂದಾಗ ಅವು ಮಲಗಿದ ಹಾಗೆಯೇ ಇದ್ದವು. ಕಣ್ಣು ತೆರೆದೇ ಇದ್ದವು. ಒಂದನ್ನು ಕೈಗೆತ್ತಿಕೊಂಡೆ, ಮೈ ಮಣ್ಣಿನಷ್ಟು ತಣ್ಣಗಿತ್ತು. ಒಂದೂ ಏಳಲಿಲ್ಲ.

ಸರ್ ಪಂಜರಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು. ಆಮೇಲೆ, "ಆ ಸೂಜಿ. ಆ ಸೂಜಿನೇ ಕೊಂದದ," ಎಂದರು.

ಅಕ್ಕೋರು ಊರಿನಿಂದ ಬರುವುದರೊಳಗೆ ಈ ಮಾತು ಕಾಲೇಜೆಲ್ಲ ತಿರುಗಿತ್ತು. ಅಧ್ಯಕ್ಷರ ಕೋಣೆಯಲ್ಲಿ ಸಭೆ ಕರೆದರು. ಸರ್, ಅಕ್ಕೋರು, ಕಾಕಾ, ನಾನು. ಅಧ್ಯಕ್ಷರ ಮೇಜಿನ ಪಕ್ಕದಲ್ಲೂ ಒಂದು ಕೂಲರ್ ಗುರ್ ಎನ್ನುತ್ತಿತ್ತು. ವಿಷಯ ನೇರವಾಗಿತ್ತು. ಇನ್ನು ಮುಂದೆ ಕಾಲೇಜಿನಲ್ಲಿ ಆ ಸೂಜಿ ಬೇಡ. ಒಪ್ಪದಿದ್ದರೆ ಅನಿಮಲ್ ಹೌಸಿಗೆ ಬೇರೆಯವರನ್ನು ನೋಡುತ್ತೇವೆ.

ಅಣ್ಣನನ್ನು ಮಣ್ಣು ಮಾಡಿ ಬಂದ ಹೆಣ್ಣುಮಗಳು. ಕಣ್ಣು ಬಾತಿದ್ದವು. ಮಾತು ಮಾತ್ರ ಬಾತಿರಲಿಲ್ಲ.

"ಸೂಜಿ ಅಲ್ರಿ. ಥಂಡಿ ಕೊಂದದ."

ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಅವರು ನಕ್ಕರು. ಕಾಕಾ ಮೂಲೆಯಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, "ನಾ ಚಲೋದು ಮಾಡಾಕ ಹೋದ್ನಿರಿ," ಎಂದು ಬಿಕ್ಕತೊಡಗಿದರು. "ನೀನೊಬ್ಬನ ಅಲ್ಲ ಕಾಕಾ, ಈ ಊರಿನ ಮಂದಿ ಎಲ್ಲಾರೂ ಹಂಗ ಮಾಡ್ತಿದ್ರು. ಅಳಬ್ಯಾಡ," ಎಂದರು ಅಕ್ಕೋರು.

ಸರ್ ಒಂದು ದಾರಿ ಹೇಳಿದರು. ಅವರಿಗೆ ಅದು ಬಹಳ ನ್ಯಾಯವಾಗಿ ಕಂಡಿರಬೇಕು. "ಹಂಗಾರ ಪರೀಕ್ಷಾ ಮಾಡೂಣು. ಒಂದಿಷ್ಟು ಇಲಿಗೆ ಸೂಜಿ ಹಾಕೂಣು, ಒಂದಿಷ್ಟಕ್ಕ ಬ್ಯಾಡ. ಎಲ್ಲಾನೂ ಕೂಲರ್ ಮುಂದ ಇಡೂಣು. ಯಾವ್ಯಾವು ಸಾಯ್ತಾವ ನೋಡೂಣು. ಖರೇ ಯಾವುದು ಅಂತ ತಿಳೀತದ."

"ಇಲ್ರಿ."

"ಯಾಕ್ರಿ? ನಿಮ್ಮ ಮಾತಿನ ಮ್ಯಾಲೆ ನಿಮಗ ಭರೋಸಾ ಇಲ್ಲೇನು?"

"ಭರೋಸಾ ಅದ. ಅದಕ್ಕ ಮಾಡಂಗಿಲ್ಲ. ಸಾಯ್ತಾವ ಅಂತ ಗೊತ್ತಿದ್ದು ಇಡೂದು ಪರೀಕ್ಷಾ ಅಲ್ರಿ ಸರ್. ನನ್ನ ಮಾತು ಖರೇ ಮಾಡಾಕ ಒಂದು ಇಲಿನೂ ನಾ ಸಾಯ್ಸಂಗಿಲ್ಲ. ನೌಕರಿ ಹೋದ್ರ ಹೋಗ್ಲಿ."

ಆಮೇಲೆ ಅವರು ಸರ್ ಕಡೆ ಪೂರಾ ತಿರುಗಿ, ಆರಾಮ ವಿಚಾರಿಸುವ ದನಿಯಲ್ಲಿ ಕೇಳಿದರು.

"ನಿಮ್ಮ ಅಪೆಂಡಿಕ್ಸ್ ಆಪರೇಶನ್ ಯಾವ ತಿಂಗಳದಾಗ ಆಗಿತ್ರಿ ಸರ್?"

"ಮೇ. ಯಾಕ?"

"ಎಚ್ಚರ ಆದ ಕೂಡ್ಲೆ ಏನು ಬೇಡಿದ್ರಿ?"

ಆ ಕತೆಯನ್ನು ಸರ್ ಅಧ್ಯಕ್ಷರಿಗೂ ಹೇಳಿದ್ದರು, ನಡುಗಿ ತೋರಿಸಿದ್ದರು. ಅಧ್ಯಕ್ಷರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ನಗು ಹೊರಗೆ ಬಂತು. "ರಗ್ಗು ಬೇಡಿದ್ರಿ ನೀವು. ಖರೇ ಅದಲ್ರೀ," ಎಂದು ಮೇಜು ಬಡಿದರು.

"ಎಂಬತ್ತು ಕಿಲೋ ಆಳಿಗೆ ರಗ್ಗು ಬೇಕಾತು," ಎಂದರು ಅಕ್ಕೋರು. "ಅಂಗೈಯಷ್ಟು ಜೀವಕ್ಕ ನೀವು ಒಂದು ಗಂಟು ಇಡಗೊಡಲಿಲ್ಲ."

ಇಲ್ಲಿಗೆ ಕತೆ ಮುಗಿದು ಅಕ್ಕೋರು ಗೆದ್ದರು ಎಂದು ನೀವು ತಿಳಿದರೆ, ನಿಮಗೆ ಕಾಲೇಜುಗಳ ಪರಿಚಯ ಇಲ್ಲ ಅಂತ ಅರ್ಥ. ಅಧ್ಯಕ್ಷರು ನಕ್ಕು ಮುಗಿಸಿ ಕಣ್ಣು ಒರೆಸಿಕೊಂಡರು. ಏನೇ ಇರಲಿ, ಇಷ್ಟು ಗುಲ್ಲಾದ ಮೇಲೆ ಸದ್ಯಕ್ಕೆ ಸೂಜಿ ಬೇಡ ಎಂದರು. ತಾವು ಕೊಟ್ಟ ಕೂಲರನ್ನು ಮಾತ್ರ ತೆಗೆಸುವಂತಿಲ್ಲ, ನಾಲ್ಕು ಮಂದಿ ನೋಡಿದ್ದಾರೆ ಎಂದರು.

ಅಕ್ಕೋರು ಎದ್ದರು. ನಾನು ಹಿಂದೆ ಓಡಿದೆ. ಆಪರೇಶನ್ ಕೋಣೆಗೆ ಹೋಗಿ ಕೂಲರಿನ ಪ್ಲಗ್ ಕಿತ್ತರು. ತಟ್ಟೆಯಿಂದ ಎಲುಬು ಕತ್ತರಿಸುವ ಕತ್ತರಿ ತೆಗೆದು ವೈರನ್ನು ಬುಡಕ್ಕೆ ಕತ್ತರಿಸಿದರು. ತುಂಡಾದ ವೈರನ್ನು ಸುತ್ತಿ ಕಸದ ಡಬ್ಬಿಗೆ ಹಾಕಿದರು. ಕತ್ತರಿಯನ್ನು ತೊಳೆದು ಒರೆಸಿ ತಟ್ಟೆಯಲ್ಲಿಟ್ಟರು. ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಹೊರಗೆ ಸ್ಟೂಲ್ ಹಾಕಿಕೊಂಡು ಕೂತರು.

"ಸೂಜಿ ಇಲ್ಲದ ಈ ಬಾಗ್ಲಾ ತೆರಿಯಂಗಿಲ್ಲ ಅಂತ ಹೇಳು ಹೋಗು," ಎಂದರು. ಹೋಗಿ ಹೇಳಿದೆ. ಹೇಳುವಾಗ ನನ್ನ ದನಿ ನಡುಗಲಿಲ್ಲ, ಇದನ್ನು ಬರೆದಿಡುತ್ತೇನೆ.

ಆಮೇಲೆ ನನ್ನ ಸರದಿ ಬಂತು. ಸರ್ ನನ್ನನ್ನು ಕರೆದು ವಿಷಯ ಬದಲಿಸು ಎಂದರು. ಗಾಜಿನ ನಳಿಗೆಯಲ್ಲಿ ಮಾಡುವ ಸುಲಭದ ಕೆಲಸ, ಇಲಿಯ ಗೊಡವೆ ಇಲ್ಲ, ವರ್ಷ ಉಳಿಯುತ್ತದೆ. ನಾನು ಬೇಡ ಎಂದೆ. ಹಾಗಾದರೆ ವರ್ಷ ಹೋಗುತ್ತದೆ ಎಂದರು. ಹೋಗಲಿ ಎಂದೆ. ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು, "ಸರ್ ಹೇಳಿದಂಗ ಮಾಡಬೇಕಿಲ್ಲೇನವಾ? ಆ ಅಕ್ಕೋರ ಸಲುವಾಗಿ ನೀ ಯಾಕ ಹಿಂದ ಬೀಳ್ತಿ?" ಎಂದು ಗೋಗರೆದ. ಉತ್ತರ ಕೊಟ್ಟವಳು ಅವ್ವ. "ಮಗಳು ಬರೋಬ್ಬರಿ ಮಾಡ್ಯಾಳ. ಸುಮ್ಮನ ಕೂಡ್ರಿ," ಎಂದಳು. ಒಳಮನೆಯಲ್ಲಿ ಮಜ್ಜಿಗೆ ಕಡೆಯುತ್ತಲೇ ಹೇಳಿದಳು.

ವರ್ಷ ಹೋಯಿತು. ನನ್ನ ಜೊತೆಯವರೆಲ್ಲ ಮುಗಿಸಿ ಹೊರಟರು. ಇದಕ್ಕೆ ನಾನು ಯಾವತ್ತೂ ಪಶ್ಚಾತ್ತಾಪಪಟ್ಟಿಲ್ಲ, ಯಾರೂ ನನಗೆ ಅಯ್ಯೋ ಎನ್ನಬೇಕಾಗಿಲ್ಲ.

ಬೀಗ ಬಿದ್ದದ್ದು ನನ್ನ ಕೆಲಸಕ್ಕೆ ಮಾತ್ರವಲ್ಲ, ಸರ್ ಅವರ ಎಲ್ಲ ಕೆಲಸಕ್ಕೂ. ಇಲಿ ನೋಡಿಕೊಳ್ಳಲು ಬೇರೆ ಡಾಕ್ಟರು ಯಾರೂ ಸಿಗಲಿಲ್ಲ. ಮಳೆ ಹಿಡಿದು, ಭೀಮರಾಯನಗುಡಿಯ ಕಾಲುವೆಗೆ ನೀರು ಬಿಟ್ಟು, ಗದ್ದೆಗಳು ಹಸಿರಾಗತೊಡಗಿದ ಮೇಲೆ ಒಂದು ದಿನ ಸರ್ ತಾವೇ ನಡೆದು ಬಂದರು. ಅಕ್ಕೋರು ಸ್ಟೂಲಿನ ಮೇಲೆ ಕೂತು ಹೊಸ ಗಂಟು ಹೊಲಿಯುತ್ತಿದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ.

"ಸೂಜಿ ಹಾಕ್ರಿ ಮೇಡಂ. ಗಂಟೂ ಇಡ್ರಿ. ಮೊದಲ ಬಾಗ್ಲಾ ತೆಗೀರಿ," ಎಂದರು ಸರ್.

"ಅಧ್ಯಕ್ಷರು?"

"ಅವರಿಗೆ ನಾ ಹೇಳ್ತೀನಿ. ಹೆಂಗೂ ಕೂಲರ್ ಹಾಳಾಗೇದ."

ಅಕ್ಕೋರು ಸೂಜಿ ದಾರ ಕೆಳಗಿಟ್ಟರು. "ಹಾಳಾಗಿಲ್ರಿ ಸರ್. ನಾ ಕತ್ತರಿಸೇನಿ. ಹಂಗಂತ ಹೇಳ್ರಿ ಅವರಿಗೆ."

ಸರ್ ತಲೆ ಕೆರೆದುಕೊಂಡು, ಆಗಲಿ ಎಂದರು. ಆಗ ಅಕ್ಕೋರು ಎದ್ದು ಬೀಗ ತೆಗೆದರು.

ಆ ಸಲ ಕೊಯ್ದ ಇಲಿಗಳಲ್ಲಿ ಒಂದೂ ಸಾಯಲಿಲ್ಲ. ಎಚ್ಚರಾದ ಇಲಿ ಮೊದಲು ಮೀಸೆ ಅಲುಗಿಸುತ್ತದೆ, ಆಮೇಲೆ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತದೆ. ಅದನ್ನು ನೋಡುತ್ತ ಅಕ್ಕೋರು, ಕಾಕಾ, ನಾನು ಮೂವರೂ ನೆಲದ ಮೇಲೆ ಕೂತಿದ್ದೆವು. ಒಂದು ಇಲಿ ತೂರಾಡುತ್ತ ಹೋಗಿ ನಮ್ಮವ್ವನ ಸೀರೆಯ ಗಂಟನ್ನು ಕಡಿದು, ಒಳಗಿನ ಜೋಳ ತೆಗೆದು ತಿನ್ನತೊಡಗಿತು. ಕಾಕಾ ಬಿದ್ದು ಬಿದ್ದು ನಕ್ಕರು. ಸತ್ತ ಕೂಲರ್ ಆ ಕೋಣೆಯಲ್ಲೇ ಉಳಿಯಿತು. ಅದರ ನೆತ್ತಿಯ ಮೇಲೆ ಗಂಟುಗಳ ಬುಟ್ಟಿ ಇಡುತ್ತಿದ್ದೆವು. ಬಂದವರು ಏನಿದು ಎಂದು ಕೇಳಿದರೆ ಅಕ್ಕೋರು, "ಮೇಜು," ಎನ್ನುತ್ತಿದ್ದರು.

ಇಷ್ಟು ಓದಿ ನಿಮಗೂ ಅವರು ತಾಯಿಯಂತೆ ಕಂಡರೆ ಇನ್ನೊಂದು ಹೇಳುತ್ತೇನೆ. ಪ್ರಯೋಗ ಮುಗಿದ ಮೇಲೆ ಆ ಇಲಿಗಳ ಕೀಲು ತೆಗೆದು ನೋಡಬೇಕು, ಎಂದರೆ ಅವನ್ನು ಕೊಲ್ಲಲೇಬೇಕು. ಆ ಕೆಲಸವನ್ನು ಅವರು ವಿದ್ಯಾರ್ಥಿಗಳಿಗೆ ಬಿಡುತ್ತಿರಲಿಲ್ಲ, ಕಾಕಾಗೂ ಬಿಡುತ್ತಿರಲಿಲ್ಲ. ಜೋಳದ ಕಾಳು ತಿಂದ ಆ ಇಲಿಯನ್ನೂ ಅವರೇ ಕೈಗೆತ್ತಿಕೊಂಡು ಸೂಜಿ ಕೊಟ್ಟರು. ಅದು ಕೈಯಲ್ಲೇ ಮಲಗಿತು. ಚಿವುಟಿ ನೋಡಿದರು, ಎದೆ ನಿಂತಿತೇ ಎಂದು ಮುಟ್ಟಿ ನೋಡಿದರು. ನಾನು ಅತ್ತೆ. ಅವರು ಅಳಲಿಲ್ಲ. ಕೈ ತೊಳೆದು ಮೆಟ್ಟಿಲ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದರು. ಕಟುಕಿ ಎಂದವರೂ ಇದ್ದರು ಅವರನ್ನು. ಅದಕ್ಕೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ಆ ಘೋಷಣೆಗೆ ಬರುತ್ತೇನೆ. ಗೈಡ್ ಸರ್ ಈಗ ನಮ್ಮ ಪ್ರಿನ್ಸಿಪಾಲರು. ನಾನು ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅನಿಮಲ್ ಹೌಸಿನ ಕೀಲಿಕೈ ಈಗ ನನ್ನ ಬಳಿ ಇದೆ. ಬೀಳ್ಕೊಡುಗೆಯ ವೇದಿಕೆಯಲ್ಲಿ ಸರ್ ನಿಜವಾಗಿಯೂ ಕಣ್ಣು ತುಂಬಿಕೊಂಡು ಮಾತಾಡಿದರು. ಸುಳ್ಳು ಹೇಳಬಾರದು, ಅವರಿಗೆ ಅಕ್ಕೋರ ಮೇಲೆ ಗೌರವವಿದೆ. "ಮೇಡಂ ಅವರ ಸೇವೆಯ ನೆನಪಿಗಾಗಿ ಆಪರೇಶನ್ ಆದ ಪ್ರಾಣಿಗಳನ್ನು ಮಲಗಿಸುವ ಕೋಣೆಗೆ ಹೊಸ ಎ.ಸಿ. ಹಾಕಿಸುತ್ತಿದ್ದೇವೆ. ಅದರ ಮೇಲೆ ಅವರ ಹೆಸರಿನ ಫಲಕ ಇರುತ್ತದೆ. ಅವರ ಹೆಸರಿನಲ್ಲಿ ಆ ಮೂಕ ಜೀವಗಳಿಗೆ ತಂಪಾಗಲಿ," ಎಂದರು. ಹಾಲ್ ಗುಡುಗಿತು. ತಟ್ಟದವರು ಇಬ್ಬರೇ. ನಾನು ಅಕ್ಕೋರ ಕಡೆ ನೋಡಿದೆ, ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು.

ಸಮಾರಂಭ ಮುಗಿದ ಮೇಲೆ ಬೇವಿನ ಮರದ ಕೆಳಗೆ ಮಂಡಕ್ಕಿ ಸುಸ್ಲಾ, ಮಿರ್ಚಿ ಭಜಿ ಕೊಟ್ಟರು. ಅಕ್ಕೋರು ಹಾರ ತೆಗೆದು ಕಾಕಾನ ಕೊರಳಿಗೆ ಹಾಕಿ ಬಂದು ನನ್ನ ಪಕ್ಕ ನಿಂತರು. ಒಂದು ಮಿರ್ಚಿ ಪೂರಾ ತಿಂದು ಮುಗಿಸಿ ಕೇಳಿದರು.

"ಎ.ಸಿ. ಯಾವಾಗ ಬರ್ತದಂತ?"

"ಸೋಮವಾರ ಅಂತ್ರಿ."

"ಎಲುಬಿನ ಕತ್ತರಿ ಎಲ್ಲದ?"

"ತೊಳದು ಇಟ್ಟೇನ್ರಿ."

"ಮೊದಲ ಸ್ವಿಚ್ ಬಂದ್ ಮಾಡು. ಆಮ್ಯಾಲೆ ಕತ್ತರ್ಸು," ಎಂದು ಇನ್ನೊಂದು ಮಿರ್ಚಿಗೆ ಕೈ ಹಾಕಿದರು.

ಎ.ಸಿ. ಬಂದಿದೆ. ಅವರ ಹೆಸರಿನ ಫಲಕ ಒಂದಿಷ್ಟು ಸೊಟ್ಟಗಿತ್ತು, ಅದನ್ನು ನಾನೇ ನೆಟ್ಟಗೆ ಮಾಡಿ ಒರೆಸಿದ್ದೇನೆ. ಅದರ ಕೆಳಗೆ ಬಿಸಿ ಜೋಳದ ಗಂಟುಗಳ ಪಕ್ಕದಲ್ಲಿ ಇಲಿಗಳು ಮಲಗುತ್ತವೆ. ನಿನ್ನೆ ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಮೇಲೆ ನೋಡಿ, "ಏನವಾ, ಇಷ್ಟು ಲಗೂನ ಹಾಳಾತೇನು?" ಎಂದು ಕೇಳಿದರು.

"ಹಾಳಾಗಿಲ್ರಿ ಸರ್. ನಾ ಕತ್ತರಿಸೇನಿ," ಎಂದೆ.